ಪೀಠದಲ್ಲಿ ಜಾಗವಿಲ್ಲ ಅಂದಿರಿ, ಯೂಟ್ಯೂಬಿನಲ್ಲೂ ಜಾಗವಿಲ್ಲವೇ ಸ್ವಾಮಿ?



2020ರ ಏಪ್ರಿಲ್ 12. ಈಸ್ಟರ್ ಭಾನುವಾರ. ಮಾರ್ಚ್ 25ರಿಂದ ಇಡೀ ದೇಶಕ್ಕೆ ಬೀಗ ಬಿದ್ದಿತ್ತು. ದೇವಸ್ಥಾನ, ಮಸೀದಿ, ಚರ್ಚು ಎಲ್ಲದರ ಬಾಗಿಲೂ ಮುಚ್ಚಿತ್ತು. ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಟೇಬಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಎರಡು ಮೇಣದಬತ್ತಿ ಹಚ್ಚಿ, ಅಕ್ಕಿ ಡಬ್ಬಕ್ಕೆ ಒರಗಿಸಿ ಮೊಬೈಲ್ ನಿಲ್ಲಿಸಿದ್ದೆವು. ನಮ್ಮ ಧರ್ಮಕೇಂದ್ರದವರು ಆ ವಾರವಷ್ಟೇ ಯೂಟ್ಯೂಬಿನಲ್ಲಿ ಚಾನೆಲ್ ತೆರೆದಿದ್ದರು. ಪಾಸ್ಖದ ಬಲಿಪೂಜೆಯ ನೇರ ಪ್ರಸಾರ ಇದೆ ಎಂದು ವಾಟ್ಸಾಪಿನಲ್ಲಿ ಸುದ್ದಿ ಬಂದಿತ್ತು.

ಎಂಬತ್ತು ದಾಟಿದ ನನ್ನ ಅಜ್ಜಿ ಬೆಳಿಗ್ಗೆಯೇ ಸ್ನಾನ ಮಾಡಿ, ಪೆಟ್ಟಿಗೆಯಲ್ಲಿದ್ದ ಹಬ್ಬದ ಸೀರೆ ಉಟ್ಟು, ಕೈಯಲ್ಲಿ ಜಪಸರ ಹಿಡಿದು ಮೊಬೈಲಿನ ಮುಂದೆ ಕೂತಿದ್ದಳು. ಕನಕಪುರದ ಕಡೆಯಿಂದ ಬಂದ ಹೆಂಗಸು. ಆಕೆಗೆ ಇಂಗ್ಲಿಷಿನ ಒಂದಕ್ಷರ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಆಕೆಯ ಬದುಕಿನಲ್ಲಿ ಬಂದಿರಲಿಲ್ಲ.

ಪೂಜೆ ಶುರುವಾಯಿತು. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಇದೇ ಅಜ್ಜಿಗೆ ಕನ್ನಡದಲ್ಲಿ ಪೂಜೆ ಹೇಳುತ್ತಿದ್ದ ಅದೇ ಸ್ವಾಮಿಗಳು ಪೀಠದಲ್ಲಿ ನಿಂತಿದ್ದರು. ಬಾಯಿ ತೆರೆದರೆ ಇಂಗ್ಲಿಷು. ಹಾಡು ಇಂಗ್ಲಿಷು. ವಾಚನ ಇಂಗ್ಲಿಷು. ಪ್ರಬೋಧನೆ ಇಂಗ್ಲಿಷು. ಒಂದು ಗಂಟೆ ಹತ್ತು ನಿಮಿಷದಲ್ಲಿ ಕನ್ನಡ ಅನ್ನುವುದು ಎಲ್ಲಿ ಬಂತು ಗೊತ್ತೇ? ಕೊನೆಯಲ್ಲಿ, ಕಾಣಿಕೆ ಕಳಿಸಬೇಕಾದ ಬ್ಯಾಂಕ್ ಖಾತೆಯ ವಿವರ ಹೇಳುವಾಗ!

ಅಜ್ಜಿ ಯಾವಾಗ ಏಳಬೇಕು, ಯಾವಾಗ ಉತ್ತರ ಕೊಡಬೇಕು ಗೊತ್ತಾಗದೆ ನಮ್ಮ ಮುಖ ನೋಡುತ್ತಿದ್ದಳು. ಕೊನೆಗೆ ಕೇಳಿದಳು: "ಯಾಕ್ ಮಗ, ಸಾಮ್ಯೋರು ಇವತ್ತು ನಮ್ ಜೊತೆ ಮಾತಾಡ್ಲೇ ಇಲ್ವಲ್ಲ?"

ಆ ಪ್ರಶ್ನೆಗೆ ಅವತ್ತು ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತು ಈ ಪತ್ರಿಕೆಯ ಮೂಲಕ ಅದೇ ಪ್ರಶ್ನೆಯನ್ನು ಕರ್ನಾಟಕದ ಧರ್ಮಾಧ್ಯಕ್ಷರುಗಳಿಗೆ, ಗುರುಗಳಿಗೆ, ಸಭಾಪಾಲಕರಿಗೆ, ಚರ್ಚಿನ ಆಡಳಿತ ಸಮಿತಿಗಳಲ್ಲಿ ಕೂತಿರುವ ದೊಡ್ಡ ಮನುಷ್ಯರಿಗೆ ಕೇಳುತ್ತಿದ್ದೇನೆ. ನೀವು ನಮ್ಮ ಜೊತೆ ಯಾಕೆ ಮಾತಾಡುತ್ತಿಲ್ಲ?

ಹಳೆಯ ನೆಪಗಳು ಸತ್ತಿವೆ

ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದ ಪೂಜೆಗಾಗಿ ಕನ್ನಡ ಕ್ರೈಸ್ತರು ಹೋರಾಡುತ್ತಿರುವುದು ನಿನ್ನೆ ಮೊನ್ನೆಯಿಂದಲ್ಲ. ನಮ್ಮ ಅಪ್ಪಂದಿರ ಕಾಲದಿಂದ ನಡೆದುಬಂದ ಹೋರಾಟ ಅದು. ಅರ್ಜಿ ಕೊಟ್ಟರು, ಧರಣಿ ಕೂತರು, ಪೊಲೀಸರ ಕೈಯಲ್ಲಿ ಬೈಸಿಕೊಂಡರು. ಪ್ರತಿ ಸಲವೂ ಅವರಿಗೆ ಸಿಕ್ಕ ಉತ್ತರ ಮೂರೇ ಮೂರು. ವೇಳೆ ಇಲ್ಲ. ಜಾಗ ಇಲ್ಲ. ಕನ್ನಡ ಬಲ್ಲ ಗುರುಗಳಿಲ್ಲ.

ಸರಿ, ಒಂದು ಕ್ಷಣ ಒಪ್ಪೋಣ. ಚರ್ಚಿನ ಕಟ್ಟಡ ಒಂದೇ. ಭಾನುವಾರದ ಬೆಳಿಗ್ಗೆಯೂ ಒಂದೇ. ಇಂಗ್ಲಿಷಿನವರು, ತಮಿಳಿನವರು, ಕೊಂಕಣಿಯವರು, ಮಲಯಾಳದವರು ಎಲ್ಲರಿಗೂ ಪೂಜೆ ಬೇಕು. ಆರೂವರೆಗೆ ಒಂದು, ಎಂಟಕ್ಕೆ ಒಂದು, ಒಂಬತ್ತೂವರೆಗೆ ಒಂದು ಎಂದು ಹಂಚಲೇಬೇಕು. ಹಂಚುವಾಗ ಯಾರಿಗೋ ಕಡಿಮೆ ಬೀಳುತ್ತದೆ. ಈ ನೆಲದ ಭಾಷೆಗೇ ಪ್ರತಿ ಸಲ ಕಡಿಮೆ ಬೀಳುವುದು ಯಾಕೆ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಆದರೆ ಯೂಟ್ಯೂಬಿಗೆ ಯಾವ ಗೋಡೆ ಇದೆ ಸ್ವಾಮಿ? ಅಲ್ಲಿ ಎಷ್ಟು ಬೆಂಚುಗಳಿವೆ? ಅಲ್ಲಿ ಎಂಟು ಗಂಟೆಯ ಪೂಜೆಗೆ ಜಾಗ ಬಿಡಲು ಏಳು ಗಂಟೆಯ ಪೂಜೆ ಎದ್ದು ಹೋಗಬೇಕೇ? ಒಂದು ಚಾನೆಲ್ಲಿಗೆ ನೂರು ವಿಡಿಯೋ ಹಾಕಿದರೂ ಕಾಸು ಕೇಳುವುದಿಲ್ಲ. ಸಾವಿರ ಹಾಕಿದರೂ ಕೇಳುವುದಿಲ್ಲ. ಇಂಗ್ಲಿಷಿನ ವಿಡಿಯೋ ತೆಗೆದು ಕನ್ನಡದ್ದನ್ನು ಹಾಕಿ ಎಂದು ಯಾರೂ ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಇದನ್ನೂ ಹಾಕಿ ಎನ್ನುತ್ತಿದ್ದೇವೆ, ಅಷ್ಟೇ.

ಬೆಳಿಗ್ಗೆ ಏಳಕ್ಕೆ ಕನ್ನಡದ ಪೂಜೆ ಹೇಗೂ ನಡೆಯುತ್ತದೆ. ಗುರುಗಳು ಇದ್ದಾರೆ. ಗಾಯನವೃಂದ ಇದೆ. ಜನ ಇದ್ದಾರೆ. ಕ್ಯಾಮೆರಾ ಪೀಠದ ಎದುರಿನ ಕಂಬಕ್ಕೆ ಮೊಳೆ ಹೊಡೆದು ಕೂತಿದೆ. ಅದರ ಗುಂಡಿ ಒತ್ತುವುದಷ್ಟೇ ಬಾಕಿ. ಆ ಗುಂಡಿಯನ್ನು ಏಳಕ್ಕೆ ಒತ್ತುವುದಿಲ್ಲ, ಇಂಗ್ಲಿಷ್ ಪೂಜೆಗೆ ಒತ್ತುತ್ತಾರೆ. ಇಲ್ಲಿ ವೇಳೆಯ ಕೊರತೆ ಇಲ್ಲ, ಜಾಗದ ಕೊರತೆ ಇಲ್ಲ, ಗುರುಗಳ ಕೊರತೆಯೂ ಇಲ್ಲ. ಕೊರತೆ ಇರುವುದು ಮನಸ್ಸಿನದು. ಇಷ್ಟು ವರ್ಷ ಕಟ್ಟಡದ ಹಿಂದೆ ಅಡಗಿದ್ದ ತಾತ್ಸಾರ ಈಗ ಬಯಲಿಗೆ ಬಂದು ನಿಂತಿದೆ!

"ವ್ಯೂಸ್ ಬರಲ್ಲಪ್ಪ!"

ಲಾಕ್‌ಡೌನ್ ಸಡಿಲವಾದ ಮೇಲೆ ನಾನೂ ಇಬ್ಬರು ಗೆಳೆಯರೂ ಚರ್ಚಿನ ಆಫೀಸಿಗೆ ಹೋಗಿ ವಿನಯದಿಂದಲೇ ಕೇಳಿದೆವು. ಅಲ್ಲಿ ಕೂತಿದ್ದ ಹಿರಿಯರೊಬ್ಬರು ನಕ್ಕು ಹೇಳಿದರು: "ನೋಡಪ್ಪ, ಕನ್ನಡದ ಪೂಜೆ ಹಾಕಿದ್ರೆ ಯಾರು ನೋಡ್ತಾರೆ? ವ್ಯೂಸ್ ಬರಲ್ಲ. ಇಂಗ್ಲಿಷ್ ಆದ್ರೆ ಫಾರಿನ್ನಲ್ಲಿರೋರೂ ನೋಡ್ತಾರೆ."

ಕೇಳಿದಿರಾ ಗೆಳೆಯರೇ? ಪೂಜೆಗೆ ವ್ಯೂಸ್ ಬೇಕಂತೆ. ಗಾಂಧಿನಗರದ ನಿರ್ಮಾಪಕರು ಮೊದಲ ವಾರದ ಗಲ್ಲಾ ಲೆಕ್ಕ ಹಾಕಿದಂತೆ ದೇವರ ಮನೆಯವರೂ ಲೆಕ್ಕ ಹಾಕುತ್ತಿದ್ದಾರೆ.

ಲೂಕನ ಶುಭಸಂದೇಶದ ಹದಿನೈದನೇ ಅಧ್ಯಾಯದಲ್ಲಿ ಒಬ್ಬ ಕುರುಬ ಬರುತ್ತಾನೆ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಾಗ ಉಳಿದ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋಗುತ್ತಾನೆ. ನೀವೇ ಪೀಠದಿಂದ ನಮಗೆ ಹೇಳಿಕೊಟ್ಟ ಕಥೆ ಸ್ವಾಮಿ ಇದು! ಆ ಕುರುಬ ನಿಮ್ಮ ಆಡಳಿತ ಸಮಿತಿಯಲ್ಲಿ ಇದ್ದಿದ್ದರೆ "ಒಂದು ಕುರಿಗೆ ಯಾಕಪ್ಪ ಇಷ್ಟು ಖರ್ಚು" ಎಂದು ಮನೆಗೆ ಕಳಿಸಿಬಿಡುತ್ತಿದ್ದಿರಿ.

ಮನೆಯಲ್ಲಿ ಕೂತು ಪೂಜೆ ನೋಡುವವರು ಯಾರು ಎಂದು ಯಾವತ್ತಾದರೂ ಯೋಚಿಸಿದ್ದೀರಾ? ಕೈಕಾಲು ಗಟ್ಟಿಯಿರುವವನು ಚರ್ಚಿಗೇ ಬರುತ್ತಾನೆ. ಬರಲೇಬೇಕು, ಪರದೆಯಲ್ಲಿ ನೋಡಿದ ಪೂಜೆ ಪೂಜೆಗೆ ಬಂದಂತಲ್ಲ, ಪರಮಪ್ರಸಾದ ಮೊಬೈಲಿನಿಂದ ಬರುವುದಿಲ್ಲ ಎಂದು ಧರ್ಮಸಭೆಯೇ ಹೇಳುತ್ತದೆ. ಅದು ಸರಿ ಕೂಡ. ಹಾಗಾದರೆ ವಿಡಿಯೋ ಯಾರಿಗಾಗಿ? ಹಾಸಿಗೆ ಹಿಡಿದವರಿಗಾಗಿ. ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದ ಮುದುಕರಿಗಾಗಿ. ರೋಗಿಯನ್ನು ಬಿಟ್ಟು ಹೊರಗೆ ಕಾಲಿಡಲಾಗದ ಮಗಳಿಗಾಗಿ. ಭಾನುವಾರವೂ ಶಿಫ್ಟ್ ಇರುವ ಗಾರ್ಮೆಂಟ್ಸ್ ಹುಡುಗಿಗಾಗಿ, ಸೆಕ್ಯುರಿಟಿ ಗಾರ್ಡಿಗಾಗಿ.

2020ರ ಜೂನ್ 8ರಿಂದ ಪ್ರಾರ್ಥನಾ ಮಂದಿರ ತೆರೆಯಲು ಅನುಮತಿ ಸಿಕ್ಕಾಗಲೂ 65 ದಾಟಿದವರು ಮನೆಯಲ್ಲೇ ಇರಿ ಎಂದು ಕೇಂದ್ರ ಸರ್ಕಾರದ ಸೂಚನೆ ಇತ್ತು. ನಮ್ಮ ಅಜ್ಜಿಯಂಥವರಿಗೆ ಬಾಗಿಲು ಮುಚ್ಚಿಯೇ ಇತ್ತು ಎಂದರ್ಥ. ಅವರಲ್ಲಿ ಎಷ್ಟು ಜನ ಇಂಗ್ಲಿಷ್ ಬಲ್ಲವರು? ಚರ್ಚಿಗೆ ಕಾರಿನಲ್ಲಿ ಬರುವ ಕಾಲೇಜು ಹುಡುಗನಿಗೆ ಇಂಗ್ಲಿಷ್ ಗೊತ್ತು, ಅವನಿಗೆ ವಿಡಿಯೋ ಬೇಕಾಗಿಲ್ಲ. ವಿಡಿಯೋ ಬೇಕಾದ ಮುದುಕಿಗೆ ಇಂಗ್ಲಿಷ್ ಗೊತ್ತಿಲ್ಲ. ಬೇಕಾದವರಿಗೆ ಬೇಡವಾದ ಭಾಷೆಯಲ್ಲಿ ಕೊಡುವ ಈ ಸೇವೆಗೆ ಏನೆಂದು ಹೆಸರಿಡೋಣ?

"ಬೇರೆ ಚರ್ಚಿನವರು ಕನ್ನಡದಲ್ಲಿ ಹಾಕಿದ್ದಾರಲ್ಲ, ಅದನ್ನೇ ನೋಡಿಕೊಳ್ಳಿ" ಎನ್ನುವ ಜಾಣರೂ ಇದ್ದಾರೆ. ಹೌದು, ಹಾಕುವವರು ಇದ್ದಾರೆ. ಸದ್ದಿಲ್ಲದೆ ವಾರವಾರವೂ ಕನ್ನಡದಲ್ಲಿ ಪ್ರಸಾರ ಮಾಡುವ ಆ ಗುರುಗಳಿಗೂ ಯುವಕರಿಗೂ ಈ ಪತ್ರಿಕೆಯ ಮೂಲಕ ಕೈಮುಗಿಯುತ್ತೇನೆ. ಆದರೆ ಧರ್ಮಕೇಂದ್ರ ಅನ್ನುವುದು ಹೋಟೆಲ್ಲೇ, ಇಲ್ಲಿ ಇಡ್ಲಿ ಇಲ್ಲದಿದ್ದರೆ ಪಕ್ಕದ ಬೀದಿಗೆ ಹೋಗಲು? ತನಗೆ ಮದುವೆ ಮಾಡಿಸಿದ ಪೀಠ, ತನ್ನ ಗಂಡನ ಹೆಸರು ಓದುವ ಆತ್ಮಗಳ ದಿನದ ಪೂಜೆ, ಅದೇ ಬೀದಿಯ ಹುಡುಗಿಯರ ಹಾಡು, ಇದನ್ನು ನೋಡಲು ಅಜ್ಜಿ ಕೂತಿದ್ದದ್ದು. ಆಕೆ ಕಾಣಿಕೆ ಹಾಕಿದ ಚರ್ಚು ಅದು. ಅದರ ಕ್ಯಾಮೆರಾದಲ್ಲಿ ಆಕೆಯ ದುಡ್ಡೂ ಇದೆ.

ಒಂದೇ ದಿನ, ಎರಡು ಅಪ್ಪಣೆ

ಇವರಿಗೆ ಕನ್ನಡ ಚಳವಳಿಯವರ ಮಾತು ಕಹಿ. ಆಗಲಿ, ರೋಮಿನ ಮಾತನ್ನೇ ಕೇಳಲಿ.

1962ರಿಂದ 1965ರವರೆಗೆ ವ್ಯಾಟಿಕನ್ನಿನಲ್ಲಿ ಎರಡನೇ ಮಹಾಸಭೆ ನಡೆಯಿತು. ಅದಕ್ಕೂ ಮುಂಚೆ ಜಗತ್ತಿನ ಬಹುಪಾಲು ಕಥೋಲಿಕರು ಲ್ಯಾಟಿನ್ ಪೂಜೆಯನ್ನು ಅರ್ಥವಾಗದೆ ಕೇಳಿಸಿಕೊಳ್ಳುತ್ತಿದ್ದರು. 1963ರ ಡಿಸೆಂಬರ್ 4ರಂದು ಆ ಮಹಾಸಭೆ ದೈವಾರಾಧನೆಯ ಬಗ್ಗೆ ದಾಖಲೆ ಹೊರಡಿಸಿ, ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಜನ ಸುಮ್ಮನೆ ನೋಡುತ್ತ ಕೂರಬಾರದು, ಅರ್ಥ ಮಾಡಿಕೊಂಡು ಪಾಲ್ಗೊಳ್ಳಬೇಕು ಎಂಬುದು ಅದರ ತಿರುಳು.

ಅದೇ ದಿನ, ಹೌದು, 1963ರ ಡಿಸೆಂಬರ್ 4ರಂದೇ ಅದೇ ಮಹಾಸಭೆ ಇನ್ನೊಂದು ದಾಖಲೆಯನ್ನೂ ಹೊರಡಿಸಿತು. ಅದು ಸಂಪರ್ಕ ಮಾಧ್ಯಮಗಳ ಬಗ್ಗೆ. ಪತ್ರಿಕೆ, ಸಿನಿಮಾ, ರೇಡಿಯೋ, ಟಿವಿ, ಇವನ್ನೆಲ್ಲ ಧರ್ಮಸೇವೆಗೆ ಬಳಸಿ ಎಂದು ಅದು ಹೇಳಿತು. ಜನರ ಭಾಷೆ ಮತ್ತು ಹೊಸ ಮಾಧ್ಯಮ, ಎರಡಕ್ಕೂ ಒಂದೇ ದಿನ ಅಪ್ಪಣೆ! ನಮ್ಮ ಕೆಲವು ಗುರುಗಳು ಎರಡನೆಯದನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದರು. ಮೊದಲನೆಯದನ್ನು ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು. ಲ್ಯಾಟಿನ್ ಹೋಯಿತು, ಇಂಗ್ಲಿಷ್ ಬಂತು. ಅಜ್ಜಿಗೆ ಅದರಿಂದ ಏನು ಸಿಕ್ಕಿತು? ಅರ್ಥವಾಗದ ಒಂದು ಭಾಷೆಯ ಜಾಗಕ್ಕೆ ಅರ್ಥವಾಗದ ಇನ್ನೊಂದು ಭಾಷೆ.

ಮಾಧ್ಯಮದ ವಿಷಯದಲ್ಲಿ ಧರ್ಮಸಭೆ ಹಿಂದೆ ಬಿದ್ದದ್ದೇ ಇಲ್ಲ. 1931ರಲ್ಲೇ ಮಾರ್ಕೋನಿಯನ್ನು ಕರೆಸಿ ವ್ಯಾಟಿಕನ್ ರೇಡಿಯೋ ಕಟ್ಟಿಸಿದವರು ಇವರು. 2005ರಲ್ಲಿ ಯೂಟ್ಯೂಬ್ ಹುಟ್ಟಿತು. 2009ರ ಜನವರಿಯಲ್ಲಿ ವ್ಯಾಟಿಕನ್ ಅಲ್ಲಿ ತನ್ನ ಚಾನೆಲ್ ತೆರೆಯಿತು. ಆಗಲೇ ಒಂದು ಭಾಷೆಯಲ್ಲಲ್ಲ, ಇಟಾಲಿಯನ್, ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್ ನಾಲ್ಕರಲ್ಲಿ. ರೋಮಿನವರಿಗೆ ತಿಳಿದದ್ದು ಬೆಂಗಳೂರಿನವರಿಗೆ ಯಾಕೆ ತಿಳಿಯುವುದಿಲ್ಲ?

ಕಿಟ್ಟೆಲ್ ಮಾಡಿದ್ದೇನು, ನೀವು ಮಾಡುತ್ತಿರುವುದೇನು?

ಈಗ ನಮ್ಮ ನೆಲದ ಚರಿತ್ರೆಗೆ ಬರೋಣ. 1841ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಅಚ್ಚುಕೂಟ ತೆರೆಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ ಅದು. ಕಲ್ಲಚ್ಚು ಅಂದಿನ ಹೊಸ ಯಂತ್ರ. ಇಂದಿಗೆ ಯೂಟ್ಯೂಬ್ ಹೇಗೋ ಅಂದಿಗೆ ಅದು ಹಾಗೆ. ಆ ಯಂತ್ರ ಕೈಗೆ ಬಂದಾಗ ಜರ್ಮನಿಯಿಂದ ಬಂದ ಮನುಷ್ಯ ಅದರಲ್ಲಿ ಅಚ್ಚು ಹಾಕಿದ್ದು ಜರ್ಮನ್ ಭಾಷೆಯನ್ನಲ್ಲ, ಕನ್ನಡವನ್ನು.

1853ರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಬಂದ. ಊರೂರು ಅಲೆದು, ಹಳಗನ್ನಡದ ಕಾವ್ಯ ಓದಿ, ರೈತರ ಬಾಯಿಂದ ಮಾತು ಹೆಕ್ಕಿ, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಅಚ್ಚು ಮಾಡಿಸಿದ. ಅವರೆಲ್ಲ ಬಂದದ್ದು ಧರ್ಮ ಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಜನರ ಹತ್ತಿರ ಹೋಗಬೇಕಾದರೆ ಜನರ ಭಾಷೆಯಲ್ಲೇ ಹೋಗಬೇಕು ಎಂಬ ಕನಿಷ್ಠ ಬುದ್ಧಿ ಅವರಿಗಿತ್ತು. ಏಳು ಸಮುದ್ರ ದಾಟಿ ಬಂದವನಿಗೆ ಕನ್ನಡ ಬೇಕಾಗಿತ್ತು. ಇಲ್ಲೇ ಹುಟ್ಟಿ, ಇಲ್ಲಿಯ ರಾಗಿ ತಿಂದು, ಇಲ್ಲಿಯ ಸೆಮಿನರಿಯಲ್ಲಿ ಓದಿದವರಿಗೆ ಬೇಡವಾಗಿದೆ!

ಇನ್ನೂ ಒಂದು ನಾಚಿಕೆಗೇಡಿನ ವಿಷಯ ಹೇಳಬೇಕು. ಕನ್ನಡದ ಪೂಜೆ ಪ್ರಸಾರ ಮಾಡುವ ಎಷ್ಟೋ ಚಾನೆಲ್ಲುಗಳಲ್ಲಿ ಶೀರ್ಷಿಕೆ ಇಂಗ್ಲಿಷಿನಲ್ಲಿ. ಚರ್ಚಿನ ಹೆಸರು ಇಂಗ್ಲಿಷಿನಲ್ಲಿ. ಅಷ್ಟೇ ಆಗಿದ್ದರೆ ಹಾಳಾಗಲಿ ಎನ್ನಬಹುದಿತ್ತು. ಪರದೆಯ ಮೇಲೆ ಕನ್ನಡದ ಗೀತೆಯ ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ತೋರಿಸುತ್ತಾರೆ. ಯಾಕೆ ಎಂದು ಕೇಳಿದರೆ, "ನಮ್ಮ ಯೂತ್‌ಗೆ ಕನ್ನಡ ಓದೋಕೆ ಬರಲ್ಲ." ಬರುವುದಿಲ್ಲ ಎಂದಾದರೆ ಕಲಿಸಿ! ಮೂರು ವರ್ಷ ಉಪದೇಶ ತರಗತಿ ನಡೆಸುತ್ತೀರಿ, ಮೂರು ತಿಂಗಳು ಅಕ್ಷರ ಕಲಿಸಲಾಗದೇ? ಕಿಟ್ಟೆಲ್ ಒಂದೊಂದು ಪದಕ್ಕೂ ಕಣ್ಣು ಸವೆಸಿಕೊಂಡ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವನ ಪ್ರತಿಮೆ ನಿಂತಿದೆ. ನವೆಂಬರ್ ತಿಂಗಳಲ್ಲಿ ಅದಕ್ಕೆ ಹಾರ ಹಾಕಿ ಬಂದು, ಭಾನುವಾರ ಕನ್ನಡದ ಹಾಡನ್ನು ಎಬಿಸಿಡಿಯಲ್ಲಿ ಬರೆಯುತ್ತೀರಲ್ಲ, ಆ ಕಂಚಿನ ಕಣ್ಣಿಗಾದರೂ ಹೆದರಬೇಡವೇ?

ಇದು ಕಥೋಲಿಕರ ಮನೆಯ ಜಗಳ ಮಾತ್ರ ಅಂದುಕೊಳ್ಳಬೇಡಿ. ಪ್ರೊಟೆಸ್ಟೆಂಟರಲ್ಲಿ ಬೆಂಗಳೂರಿನಲ್ಲೇ ಹಳೆಯ ಕನ್ನಡ ಸಭೆಗಳಿವೆ. ಕಾರ್ಪೊರೇಷನ್ ಕಚೇರಿಯ ಬಳಿ 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ಚರ್ಚು ಕನ್ನಡದ ಚರ್ಚು. ಅಂಥ ಪರಂಪರೆ ಇರುವ ಊರಿನಲ್ಲಿ ಈಚೆಗೆ ತಲೆಯೆತ್ತಿರುವ ದೊಡ್ಡ ದೊಡ್ಡ ಪ್ರಾರ್ಥನಾ ಸಭೆಗಳನ್ನು ನೋಡಿ. ನಾನು ಹೋಗಿದ್ದ ಒಂದು ಸಭೆಯಲ್ಲಿ ಬೋಧಕರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಪಕ್ಕದಲ್ಲಿ ಬಡಪಾಯಿ ಹುಡುಗನೊಬ್ಬ ಸಾಲು ಸಾಲಿಗೂ ಕನ್ನಡ ಮಾಡಿ ಹೇಳುತ್ತಿದ್ದ. ಕೂತಿದ್ದ ಜನ ಅಳುತ್ತಿದ್ದದ್ದು, ಕೈ ಎತ್ತುತ್ತಿದ್ದದ್ದು ಆ ಹುಡುಗನ ಮಾತಿಗೆ. ಮನೆಗೆ ಬಂದು ಅದೇ ಪ್ರಸಂಗದ ವಿಡಿಯೋ ನೋಡಿದರೆ ಆ ಹುಡುಗ ಕಾಣೆ! ಕ್ಯಾಮೆರಾ ಬೋಧಕರ ಮುಖದ ಮೇಲೆ. ಹುಡುಗನ ಮೈಕ್ ಸದ್ದು ಇಳಿಸಲಾಗಿತ್ತು. ಎದುರಿಗಿರುವ ಬಡವರಿಗೆ ಕನ್ನಡ ಬೇಕು, ಜಗತ್ತಿಗೆ ತೋರಿಸುವಾಗ ಕನ್ನಡ ಬೇಡ. ನಮ್ಮ ಭಾಷೆಯನ್ನು ಅಡುಗೆಮನೆಯ ಆಳಿನಂತೆ ಬಳಸುವ ಬುದ್ಧಿ ಇದು.

"ಇದು ಅವರ ಮನೆ ವಿಷಯ, ನಮಗೇನು?"

ಈ ಪತ್ರಿಕೆ ಓದುವ ಹಿಂದೂ, ಮುಸ್ಲಿಂ ಗೆಳೆಯರಲ್ಲಿ ಕೆಲವರು ಹೀಗೆ ಕೇಳಬಹುದು. ಅವರಿಗೆ ಒಂದು ಮಾತು.

ಸರ್ವಜ್ಞನ ವಚನಗಳನ್ನು ಹಳ್ಳಿಹಳ್ಳಿಯಿಂದ ಹುಡುಕಿ ತಂದು 1924ರಲ್ಲಿ ಪುಸ್ತಕ ಮಾಡಿಕೊಟ್ಟವರು ಉತ್ತಂಗಿ ಚನ್ನಪ್ಪನವರು. ಅವರು ಕ್ರೈಸ್ತ ಪಾದ್ರಿ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರೂ ಅವರೇ. 2014ರಲ್ಲಿ ಕೊಡಗಿನ ಸಮ್ಮೇಳನದ ಅಧ್ಯಕ್ಷರಾಗಿದ್ದವರು ನಾ. ಡಿಸೋಜ. ಶರಾವತಿಯಲ್ಲಿ ಮುಳುಗಿದ ಊರುಗಳ ಸಂಕಟವನ್ನು ಕನ್ನಡಕ್ಕೆ ಕೊಟ್ಟು 2025ರ ಜನವರಿಯಲ್ಲಿ ತೀರಿಕೊಂಡರು. ಕನಕಪುರ ತಾಲ್ಲೂಕಿನ ಹಾರೋಬೆಲೆಗೆ ಹೋಗಿ ನೋಡಿ. ಕ್ರೈಸ್ತರೇ ತುಂಬಿರುವ ಊರು. ಯೇಸುಸ್ವಾಮಿಯ ಯಾತನೆಯ ಕಥೆಯನ್ನು ಊರ ರೈತರೇ ಕನ್ನಡದಲ್ಲಿ ನಾಟಕವಾಗಿ ಆಡುತ್ತಾರೆ. ಇವರು ಕನ್ನಡಿಗರಲ್ಲವೇ?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು 11 ಲಕ್ಷ 42 ಸಾವಿರ, ನೂರಕ್ಕೆ ಎರಡೂ ಇಲ್ಲ. ಅವರೊಳಗೆ ಕನ್ನಡವೇ ಮನೆಮಾತಾದವರು ಚರ್ಚಿನೊಳಗೆ ಹೋದರೆ "ನೀವು ಕನ್ನಡದವರು" ಎಂದು ಹಿಂದಿನ ಬೆಂಚಿಗೆ ಕಳಿಸುತ್ತಾರೆ. ಹೊರಗೆ ಬಂದರೆ "ನೀವು ಕ್ರಿಶ್ಚಿಯನ್ನರು, ನಿಮ್ಮದು ಇಂಗ್ಲಿಷಲ್ಲವೇ" ಎಂದು ನಮ್ಮವರೇ ಕೇಳುತ್ತಾರೆ. ಎರಡು ಕಡೆಯಿಂದಲೂ ಪೆಟ್ಟು ತಿನ್ನುವ ಈ ಜನ ಕನ್ನಡ ಬಿಟ್ಟರೆ ಕಳೆದುಕೊಳ್ಳುವುದು ಅವರೊಬ್ಬರೇ ಅಲ್ಲ. ಕನ್ನಡ ತನ್ನ ಮಕ್ಕಳಲ್ಲಿ ಕೆಲವರನ್ನು ಕಳೆದುಕೊಳ್ಳುತ್ತದೆ.

ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಇದು ತಮಿಳರ ಮೇಲಿನ ದ್ವೇಷವಲ್ಲ, ಕೊಂಕಣಿಗರ ಮೇಲಿನ ಹೊಟ್ಟೆಕಿಚ್ಚೂ ಅಲ್ಲ. ಮಂಗಳೂರಿನ ಕೊಂಕಣಿ ಅಜ್ಜಿಗೆ ಕೊಂಕಣಿಯ ಪೂಜೆ ಸಿಗಬೇಕು. ಬೆಂಗಳೂರಿನಲ್ಲಿ ತಲೆಮಾರುಗಳಿಂದ ಇರುವ ತಮಿಳು ಅಜ್ಜಿಗೆ ತಮಿಳಿನದು ಸಿಗಲಿ. ಯೂಟ್ಯೂಬಿನಲ್ಲಿ ಯಾರ ಜಾಗವನ್ನೂ ಯಾರೂ ಕಿತ್ತುಕೊಳ್ಳಬೇಕಾಗಿಲ್ಲ ಎಂಬುದೇ ನನ್ನ ವಾದ. ಎಲ್ಲರ ಅಜ್ಜಿಗೂ ಸಿಗುವಾಗ ಈ ನಾಡಿನ ಭಾಷೆಯ ಅಜ್ಜಿಗೆ ಮಾತ್ರ ಯಾಕಿಲ್ಲ ಎಂಬುದು ನನ್ನ ಪ್ರಶ್ನೆ. ಹಾಗೆಯೇ ಚರ್ಚಿನ ಬೋರ್ಡಿಗೆ ಮಸಿ ಬಳಿಯಲು, ಕಲ್ಲು ಎತ್ತಲು ಈ ಲೇಖನವನ್ನು ನೆಪ ಮಾಡಿಕೊಳ್ಳುವವನು ಕನ್ನಡದ ಗೆಳೆಯನಲ್ಲ. ಕೇಳುವ ಹಕ್ಕು ಮೊದಲು ಆ ಬೆಂಚಿನಲ್ಲಿ ಕೂರುವವರದು. ಉಳಿದವರು ಅವರ ಬೆನ್ನಿಗೆ ನಿಲ್ಲಬೇಕು.

ಈಗ ನಮ್ಮ ಕಡೆ ತಿರುಗಿ ನೋಡೋಣ

ಬೈದದ್ದಾಯಿತು. ಈಗ ಕನ್ನಡದ ಯುವಕರೇ, ನಿಮಗೂ ನನಗೂ ಸೇರಿಸಿ ನಾಲ್ಕು ಮಾತು.

ಚರ್ಚಿನ ಕ್ಯಾಮೆರಾ ಹಿಂದೆ ನಿಂತಿರುವವರು ಯಾರು? ಇಂಗ್ಲಿಷ್ ಪೂಜೆಯ ಹುಡುಗರು. ಅವರು ಭಾನುವಾರ ಒಂದು ಗಂಟೆ ಮುಂಚೆ ಬಂದು ವೈರು ಎಳೆಯುತ್ತಾರೆ, ಮೈಕ್ ಪರೀಕ್ಷಿಸುತ್ತಾರೆ. ನಾವು? ಏಳರ ಪೂಜೆಗೆ ಏಳೂಕಾಲಿಗೆ ಬಂದು, ಬಾಗಿಲ ಹೊರಗೆ ಬೈಕಿಗೆ ಒರಗಿ ನಿಂತು, ಮುಗಿಯುವ ಮುಂಚೆ ಹೋಟೆಲ್ಲಿಗೆ ಓಡುತ್ತೇವೆ. ಆಮೇಲೆ ಕನ್ನಡಕ್ಕೆ ಅನ್ಯಾಯ ಎಂದು ಕೂಗುತ್ತೇವೆ. ನಮ್ಮ ಕೈಯಲ್ಲಿ ಇಪ್ಪತ್ತು ಸಾವಿರದ ಮೊಬೈಲ್ ಇದೆ. ಅದರಲ್ಲಿ ರೀಲ್ಸ್ ಮಾಡಲು ಬರುತ್ತದೆ, ಅಜ್ಜಿಗೆ ಪೂಜೆ ತೋರಿಸಲು ಬರುವುದಿಲ್ಲವೇ?

ಕೆಲಸ ದೊಡ್ಡದೇನಲ್ಲ. ಒಂದು ಮೊಬೈಲು, ಒಂದು ಸ್ಟ್ಯಾಂಡು, ಚರ್ಚಿನ ಮಿಕ್ಸರಿನಿಂದ ಮೊಬೈಲಿಗೆ ಒಂದು ವೈರು ಸಾಕು. ಚಿತ್ರ ಮಸುಕಾದರೂ ಜನ ಸಹಿಸುತ್ತಾರೆ, ಸದ್ದು ಕೇಳದಿದ್ದರೆ ಎದ್ದು ಹೋಗುತ್ತಾರೆ, ಆದ್ದರಿಂದ ಮೊದಲು ಸದ್ದು ನೋಡಿಕೊಳ್ಳಿ. ಹೊಸ ಚಾನೆಲ್ಲಿಗೆ ನೇರ ಪ್ರಸಾರದ ಅನುಮತಿ ಸಿಗಲು ಒಂದು ದಿನ ಹಿಡಿಯಬಹುದು, ಹಬ್ಬದ ಬೆಳಿಗ್ಗೆ ಶುರು ಮಾಡಬೇಡಿ. ಮೊಬೈಲಿನಿಂದ ನೇರ ಪ್ರಸಾರ ಮಾಡಲು 50 ಚಂದಾದಾರರು ಬೇಕು. ಒಂದು ಗಾಯನವೃಂದದ ಮನೆಯವರೆಲ್ಲ ಒತ್ತಿದರೆ ಐವತ್ತು ದಾಟುತ್ತದೆ. ಅದೂ ಆಗದಿದ್ದರೆ ರೆಕಾರ್ಡ್ ಮಾಡಿ ಆಮೇಲೆ ಹಾಕಿ. 15 ನಿಮಿಷಕ್ಕಿಂತ ಉದ್ದದ ವಿಡಿಯೋಗೆ ಫೋನ್ ನಂಬರ್ ಕೊಟ್ಟು ಖಾತೆ ದೃಢಪಡಿಸಿದರೆ ಆಯಿತು.

ಶೀರ್ಷಿಕೆಯನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ. ಮೊದಲು ಕನ್ನಡ, ಬೇಕಾದರೆ ಆಮೇಲೆ ಇಂಗ್ಲಿಷು. ವಿಡಿಯೋದ ಭಾಷೆ ಯಾವುದು ಎಂದು ಯಂತ್ರ ಕೇಳುವಲ್ಲಿ ಕನ್ನಡ ಎಂದು ಆರಿಸಿ. ಕನ್ನಡದಲ್ಲಿ ಬರೆಯದ ವಿಡಿಯೋ ಕನ್ನಡದಲ್ಲಿ ಹುಡುಕುವವನಿಗೆ ಹೇಗೆ ಸಿಕ್ಕೀತು? ಸಿಗದಿದ್ದರೆ ವ್ಯೂಸ್ ಹೇಗೆ ಬಂದಾವು? ನಾವೇ ಮುಚ್ಚಿಟ್ಟು, ನೋಡುವವರಿಲ್ಲ ಎಂದು ನಾವೇ ಅಳುವುದು! ವಾಚನ, ಪ್ರಬೋಧನೆ, ಗೀತೆ ಎಷ್ಟನೇ ನಿಮಿಷಕ್ಕಿದೆ ಎಂದು ಕೆಳಗೆ ಕನ್ನಡದಲ್ಲಿ ಬರೆದರೆ, ಕಿವಿ ಮಂದವಾದ ಅಜ್ಜನಿಗಾಗಿ ಪ್ರಬೋಧನೆಯ ಅಕ್ಷರರೂಪ ಸೇರಿಸಿದರೆ, ಅದೇ ದೊಡ್ಡ ಕನ್ನಡ ಸೇವೆ. ಸೀಡಿಯ ಹಾಡು ಹಾಕಬೇಡಿ, ಧ್ವನಿಮುದ್ರಣದ ಹಕ್ಕುದಾರರ ತಕರಾರು ಬರುತ್ತದೆ. ನಿಮ್ಮ ಗಾಯನವೃಂದವೇ ಹಾಡಲಿ. ಅಳುವವರ ಮುಖ, ಮಕ್ಕಳ ಮುಖ ಹತ್ತಿರದಿಂದ ತೋರಿಸಬೇಡಿ. ಅದು ಪೂಜೆ, ಧಾರಾವಾಹಿಯಲ್ಲ.

ನಮ್ಮ ಹಕ್ಕೊತ್ತಾಯ

ಒಂದು: ಕನ್ನಡದ ಪೂಜೆ ಅಥವಾ ಆರಾಧನೆ ನಡೆಯುವ ಪ್ರತಿ ಚರ್ಚಿನ ಚಾನೆಲ್ಲಿನಲ್ಲಿ ವಾರಕ್ಕೆ ಒಂದಾದರೂ ಕನ್ನಡದ ಪ್ರಸಾರ ಕಡ್ಡಾಯವಾಗಬೇಕು.

ಎರಡು: ಕ್ರಿಸ್ಮಸ್, ಶುಭ ಶುಕ್ರವಾರ, ಪಾಸ್ಖ ಈ ಮೂರು ಹಬ್ಬಗಳ ಕನ್ನಡ ವಿಧಿಗಳನ್ನು ಇಂಗ್ಲಿಷಿನಷ್ಟೇ ಗೌರವದಿಂದ ನೇರ ಪ್ರಸಾರ ಮಾಡಬೇಕು.

ಮೂರು: ಚಾನೆಲ್ಲಿನ ಹೆಸರು, ಶೀರ್ಷಿಕೆ, ಗೀತೆಯ ಸಾಲು ಕನ್ನಡ ಲಿಪಿಯಲ್ಲಿರಬೇಕು.

ನಾಲ್ಕು: ಚರ್ಚಿನ ಮಾಧ್ಯಮ ಸಮಿತಿಯಲ್ಲಿ ಕನ್ನಡ ಪೂಜೆಗೆ ಬರುವ ಇಬ್ಬರು ಯುವಕ ಯುವತಿಯರಿಗೆ ಸ್ಥಾನ ಕೊಡಬೇಕು. ಕ್ಯಾಮೆರಾ ಖರ್ಚಿನ ಲೆಕ್ಕ ಕನ್ನಡದಲ್ಲೂ ಓದಿ ಹೇಳಬೇಕು.

ಐದು: ಭಾಷಾಂತರ ಮಾಡುವವರಿಗೆ ಪರದೆಯಲ್ಲಿ ಮುಖವೂ ಬೇಕು, ಮೈಕಿಗೆ ಸದ್ದೂ ಬೇಕು.

ಇವುಗಳಲ್ಲಿ ಯಾವುದಕ್ಕಾದರೂ ಲಕ್ಷಗಟ್ಟಲೆ ದುಡ್ಡು ಬೇಕೇ? ಯಾವುದಕ್ಕಾದರೂ ಹೊಸ ಕಟ್ಟಡ ಬೇಕೇ? ಇಲ್ಲ. ಹಾಗಾದರೆ ಇನ್ನು "ನೋಡೋಣ, ಮುಂದಿನ ಮೀಟಿಂಗಿನಲ್ಲಿ ಇಡೋಣ" ಎಂಬ ಉತ್ತರವನ್ನು ಒಪ್ಪಬೇಡಿ. ಬರುವ ಭಾನುವಾರವೇ ಅರ್ಜಿ ಬರೆಯಿರಿ. ಏಳರ ಪೂಜೆಗೆ ಬಂದವರೆಲ್ಲರ ಸಹಿ ಹಾಕಿಸಿ. ಅರ್ಜಿಯ ಜೊತೆಗೇ "ಕ್ಯಾಮೆರಾ ನಾವು ಹಿಡಿಯುತ್ತೇವೆ" ಎಂದು ಇಬ್ಬರ ಹೆಸರನ್ನೂ ಬರೆದುಕೊಡಿ. ಆಗ ಅವರಿಗೆ ಹೇಳಲು ನೆಪವೇ ಉಳಿಯುವುದಿಲ್ಲ.

ನನ್ನ ಅಜ್ಜಿ 2022ರಲ್ಲಿ ತೀರಿಕೊಂಡಳು. ಕೊನೆಯ ವರ್ಷ ಪೂರ್ತಿ ಹಾಸಿಗೆಯಲ್ಲೇ. ಆ ವರ್ಷದಲ್ಲಿ ಒಂದು ಭಾನುವಾರವೂ ತನ್ನ ಚರ್ಚಿನ ಪೂಜೆಯನ್ನು ತನ್ನ ಮಾತಿನಲ್ಲಿ ಆಕೆ ನೋಡಲಿಲ್ಲ. ಅರ್ಧ ಕಿಲೋಮೀಟರ್ ದೂರದಲ್ಲಿ ಪ್ರತಿ ಭಾನುವಾರ ಏಳಕ್ಕೆ ಅದು ನಡೆಯುತ್ತಲೇ ಇತ್ತು. ಕ್ಯಾಮೆರಾವೂ ಅಲ್ಲೇ ಇತ್ತು. ಗುಂಡಿ ಒತ್ತಲು ಯಾರಿಗೂ ಮನಸ್ಸಾಗಲಿಲ್ಲ. ನಾನೂ ಹೋಗಿ ಒತ್ತಲಿಲ್ಲ. ಈ ಲೇಖನ ಬರೆಯುವಾಗ ಆ ತಪ್ಪನ್ನು ನನ್ನ ತಲೆಯ ಮೇಲೂ ಹೊತ್ತುಕೊಂಡೇ ಬರೆಯುತ್ತಿದ್ದೇನೆ.

ನಿಮ್ಮ ಮನೆಯಲ್ಲೂ, ನಿಮ್ಮ ಬೀದಿಯಲ್ಲೂ ಅಂಥ ಒಬ್ಬ ಅಜ್ಜಿ ಇದ್ದಾಳೆ. ಇನ್ನೂ ಇದ್ದಾಳೆ. ತಡ ಮಾಡಬೇಡಿ.

ಸಿರಿಗನ್ನಡಂ ಗೆಲ್ಗೆ!